ನಾನಿಲ್ವಾ?

ವಿಮಾನವೆಂದರೆ ನಮ್ಮ ಚನ್ನಗಿರಿಯವರಿಗೆ ಅಂಗಳಕ್ಕೆ ಓಡಿಬಂದು ತಲೆಯೆತ್ತಿ ನೋಡುವ ವಸ್ತು. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವಾದ ಮೇಲೆ ಶಾಲೆಯ ಸ್ಟಾಫ್ ರೂಮಿನಲ್ಲೂ ಅದರದೇ ಮಾತು. "ಅಲ್ಲ ಮೇಡಂ, ಮೇಲೆ ಹೋದಾಗ ಓಡಿಸೋರಿಗೇ ಎದೆನೋವು ಬಂದ್ರೆ?" ಎಂದು ಕಿರಿಯ ಶಿಕ್ಷಕಿಯೊಬ್ಬಳು ಕೇಳಿದಳು.

ದೊಡ್ಡ ವಿಮಾನದಲ್ಲಿ ಪೈಲಟ್‌ಗಳು ಇಬ್ಬರು. ಸ್ವಂತದ ಸಣ್ಣ ವಿಮಾನದಲ್ಲಿ ಎಷ್ಟೋ ಸಲ ಒಬ್ಬನೇ. ಪಕ್ಕದ ಸೀಟಿನಲ್ಲಿ ಹೆಂಡತಿ. 2012ರ ಏಪ್ರಿಲ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಿಮಾನ ನಡೆಸುತ್ತಿದ್ದ ಗಂಡ ಆಕಾಶದಲ್ಲೇ ಕುಸಿದರು. ಹೆಂಡತಿ ಹೆಲೆನ್ ಕಾಲಿನ್ಸ್‌ಗೆ ಆಗ 80 ವರ್ಷ. ಇನ್ನೊಬ್ಬ ಪೈಲಟ್ ತನ್ನ ವಿಮಾನವನ್ನು ಜೊತೆಜೊತೆಗೇ ಹಾರಿಸುತ್ತ ರೇಡಿಯೋದಲ್ಲಿ ಹೇಳಿಕೊಟ್ಟ. ಗಂಡ ಉಳಿಯಲಿಲ್ಲ, ಆಕೆ ವಿಮಾನ ಇಳಿಸಿ ಉಳಿದರು. 2024ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ 69 ವರ್ಷದ ಯವೊನ್ ಕಿನೇನ್-ವೆಲ್ಸ್ ಕೂಡ ಹೀಗೆಯೇ ಇಳಿಸಿದರು.

ಇಂಥ ಸುದ್ದಿ ಓದಿದೊಡನೆ ನಾವು 'ಪವಾಡ' ಎಂದು ಕೈ ಮುಗಿಯುತ್ತೇವೆ. ನನ್ನ ತಕರಾರು ಈ ಪದದ ಮೇಲೆಯೇ. ಹೆಲೆನ್ ದಶಕಗಳ ಹಿಂದೆ, ಗಂಡನ ಒತ್ತಾಯಕ್ಕೆ, ಒಂದಿಷ್ಟು ಪಾಠ ಕಲಿತಿದ್ದರು. ಪಕ್ಕ ಕೂರುವವರಿಗೆಂದೇ ಅಲ್ಲಿ 'ಪಿಂಚ್ ಹಿಟ್ಟರ್' ಎಂಬ ಕೋರ್ಸಿದೆ: ವಿಮಾನವನ್ನು ಸಮನಾಗಿ ಹಿಡಿಯುವುದು, ರೇಡಿಯೋದಲ್ಲಿ ಸಹಾಯ ಕೇಳುವುದು, ಇಳಿಸುವುದು. ಅವರು ಪಾಠ ಕಲಿತದ್ದನ್ನು ನಾವು ಪವಾಡವೆಂದರೆ ನಾವು ಕಲಿಯದಿರುವುದಕ್ಕೆ ಒಳ್ಳೆಯ ನೆಪ ಸಿಕ್ಕಂತಾಯಿತು, ಅಷ್ಟೆ.

"ನಮಗ್ಯಾಕ್ರೀ ವಿಮಾನದ ಪಾಠ?" ಎನ್ನುತ್ತೀರೇನೋ. ಕಾರಿನಲ್ಲಿ ಕೂರುತ್ತೀರಲ್ಲ? ನಾನು ಜಗಳೂರಿನಲ್ಲಿ ಕೆಲಸಕ್ಕಿದ್ದಾಗ ಮಗನಿಗೆ ಹದಿನೆಂಟು ತುಂಬಿತು. ನಮ್ಮವರು ಊರಾಚೆಯ ಬಯಲಿನಲ್ಲಿ ಅವನಿಗೆ ಕಾರು ಕಲಿಸಿದರು. ನಾನು ತಿಂಡಿ ಡಬ್ಬಿ ಹಿಡಿದು ಬೇವಿನ ಮರದಡಿ ಕೂತಿದ್ದೆ. ನನಗೂ ಕಲಿಸಿ ಎಂದರೆ, "ನಿನಗ್ಯಾಕೆ? ನಾನಿಲ್ವಾ?" ಎಂದರು.

ಮುಂದೊಮ್ಮೆ ಹೊನ್ನಾಳಿಯಿಂದ ನ್ಯಾಮತಿಗೆ ಮದುವೆಗೆ ಹೊರಟೆವು. ಮುಹೂರ್ತ ತಪ್ಪೀತೆಂದು ಅವರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ತಿಂಡಿ ಬಿಟ್ಟಿದ್ದರು. ದಾರಿಯಲ್ಲಿ ಮಾತು ತೊದಲಿತು, ತಲೆ ವಾಲಿತು, ಕಾರು ಓಡುತ್ತಲೇ ಇತ್ತು. ಬಿ.ಎ., ಬಿ.ಎಡ್. ಓದಿದ ನಾನು ಮಾಡಿದ್ದೊಂದೇ, ಕಿರುಚಿದ್ದು. ಕಾರು ಗದ್ದೆಯ ಕೆಸರಿಗಿಳಿದು ತಾನಾಗಿ ನಿಂತಿತು. ಎದುರಿಗೆ ಲಾರಿ ಬರಲಿಲ್ಲ, ಅದು ನಮ್ಮ ಪುಣ್ಯ. ಪುಣ್ಯವನ್ನು ನಂಬಿ ಎಷ್ಟು ದಿನ ಕೂರೋಣ?

2022ರ ಜನವರಿಯಲ್ಲಿ ಪುಣೆಯ ಹತ್ತಿರ ಪ್ರವಾಸ ಹೊರಟ ಹೆಂಗಸರ ಮಿನಿ ಬಸ್ಸಿನ ಚಾಲಕನಿಗೆ ಅಪಸ್ಮಾರ ಬಂತು. ಯೋಗಿತಾ ಸಾತವ್ ಎಂಬ ಗೃಹಿಣಿ ತಾನೇ ಬಸ್ಸು ಓಡಿಸಿ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಅವರಿಗೆ ಕಾರು ಓಡಿಸಿ ಗೊತ್ತಿತ್ತು. ಧೈರ್ಯ ಕೈಗೆ ಬಂದದ್ದು ಆ ಕಲಿಕೆಯಿಂದ.

'ನಾನಿಲ್ವಾ' ಎಂಬ ಮಾತಿನಲ್ಲಿ ಪ್ರೀತಿಯಿದೆ, ಒಪ್ಪುತ್ತೇನೆ. ಆದರೆ ಅವರು ಇದ್ದೂ ಇಲ್ಲದಂತಾಗುವ ಆ ಒಂದು ನಿಮಿಷಕ್ಕೆ ಅದು ಉತ್ತರವಲ್ಲ. ಲೈಸೆನ್ಸ್ ಆಮೇಲೆ ಮಾಡಿಸಿ. ಬರುವ ಭಾನುವಾರ ನಿಂತ ಕಾರಿನಲ್ಲಿ ಇಷ್ಟಾದರೂ ಕೇಳಿ ಕಲಿಯಿರಿ: ಪಕ್ಕದಿಂದಲೇ ಸ್ಟೀರಿಂಗ್ ನೇರ ಹಿಡಿಯುವುದು, ಗೇರನ್ನು ನ್ಯೂಟ್ರಲ್‌ಗೆ ತರುವುದು, ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಜಗ್ಗದೆ ನಿಧಾನವಾಗಿ ಎಳೆಯುವುದು. ಅವರು "ನಾನಿಲ್ವಾ?" ಎಂದರೆ, "ನಾನೂ ಇದ್ದೀನಲ್ಲ, ನನಗೂ ಹೇಳಿಕೊಡಿ" ಎನ್ನಿ.