ಹೊಟ್ಟಿನ ಬೆಳಕು, ಹಳ್ಳದ ನೀರು

2007ರಲ್ಲಿ ಬಿಹಾರದ ತಮ್‌ಕುಹಾ ಎಂಬ ಕತ್ತಲ ಹಳ್ಳಿಯಲ್ಲಿ ಭತ್ತದ ಹೊಟ್ಟಿನ ಅನಿಲದಿಂದ ದೀಪ ಹೊತ್ತಿತು. ಮರುವರ್ಷ ಆ 'ಹಸ್ಕ್ ಪವರ್' ಯೋಜನೆಯು, ಅದರ ಪಾಲುದಾರರಿಬ್ಬರು ಓದುತ್ತಿದ್ದ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಉದ್ಯಮ ಸ್ಪರ್ಧೆಯಲ್ಲಿ ಬಹುಮಾನ ಗಳಿಸಿತು. ಮೊದಲು ಹಳ್ಳಿಯ ದೀಪ, ಆಮೇಲೆ ವೇದಿಕೆಯ ಚಪ್ಪಾಳೆ: ಈ ಕ್ರಮವೇ ಗಮನಾರ್ಹ.

ಇಂದು ನಮ್ಮ ಕಾಲೇಜುಗಳಲ್ಲೂ ಇಂತಹ ಸ್ಪರ್ಧೆಗಳು ನಡೆಯುತ್ತಿವೆ. ಲಾಭವೆಷ್ಟೆಂದು ಕೇಳುವ ತೀರ್ಪುಗಾರರುಂಟು. ಹೊಟ್ಟಿನಿಂದ ಅನಿಲ ತೆಗೆಯುವಾಗ ಉಳಿಯುವ, ಟಾರು ಬೆರೆತ ಕೊಳೆನೀರು ಯಾವ ಹಳ್ಳ ಸೇರುವುದೆಂದು ಕೇಳುವವರು ವಿರಳ.

ಅಡಿಕೆ ಸಿಪ್ಪೆಯ ರಾಶಿ, ಕಾಫಿ ಪಲ್ಪಿಂಗ್ ನೀರು ನಮ್ಮದೇ ಅಂಗಳದ ಸಮಸ್ಯೆಗಳು. ಮಲೆನಾಡಿನ ಮಕ್ಕಳು ಅವಕ್ಕೆ ಉಪಾಯ ಹುಡುಕಲಿ, ಬಹುಮಾನವನ್ನೂ ಗೆಲ್ಲಲಿ. ಆದರೆ ತೀರ್ಪುಗಾರರ ಸಾಲಿನಲ್ಲಿ, ಹಳ್ಳದ ಕೆಳದಂಡೆಯಲ್ಲಿ ಬಾಳುವವರೊಬ್ಬರು ಕುಳಿತಿರಲಿ.