ಒಂದು ಮೋಲ್ ಎಂದರೆ ಎಷ್ಟು ಲೀಟರು?

0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡ: ಇದೇ ಶಿಷ್ಟ ತಾಪ ಮತ್ತು ಒತ್ತಡ. ಇಲ್ಲಿ ಯಾವ ಅನಿಲವಾದರೂ ಒಂದು ಮೋಲ್‌ನ ಗಾತ್ರ ಹೆಚ್ಚುಕಡಿಮೆ 22.4 ಲೀಟರು. ಒತ್ತಡ 1 ಬಾರ್ ಎಂದಿದ್ದರೆ 22.7. ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಈ ಅಂಕಿ ಗುಂಡ್ಲುಪೇಟೆಗೆ ಬಂದರೆ ಬದಲಾಗುತ್ತದೆ. ಊರು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರ. ಗಾಳಿಯ ಒತ್ತಡ ಕಡಿಮೆ. 27 ಡಿಗ್ರಿಯ ದಿನ ಅದೇ ಒಂದು ಮೋಲ್ ಅಲ್ಲಿ ಸುಮಾರು 27 ಲೀಟರಿಗೆ ಹಿಗ್ಗುತ್ತದೆ. ಊರಿಗೊಂದು ಲೆಕ್ಕ ಆಗಬಾರದೆಂದೇ ಶಿಷ್ಟಮಾನ.

ಈ ಲೆಕ್ಕದ ಬೆಲೆ ಚಾಮರಾಜನಗರಕ್ಕೆ ಗೊತ್ತು. 2021ರ ಮೇ 2ರ ರಾತ್ರಿ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದಾಯಿತು. ಆ ಕೊರತೆಯ ನಡುವೆ 24 ರೋಗಿಗಳು ಅಸುನೀಗಿದರು. ದೊಡ್ಡ ಸಿಲಿಂಡರಿನಲ್ಲಿರುವುದು ಸುಮಾರು 7,000 ಲೀಟರು ಅನಿಲ. ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಹನ್ನೊಂದೂವರೆ ಗಂಟೆ ಬರುತ್ತದೆ. 60 ಲೀಟರಿನಂತೆ ಕೊಟ್ಟರೆ ಎರಡು ಗಂಟೆಯೂ ಬಾರದು.

ಒಂದು ಲೀಟರು ದ್ರವ ಆಮ್ಲಜನಕದ ತೂಕ ಸುಮಾರು 1,140 ಗ್ರಾಂ. 32ರಿಂದ ಭಾಗಿಸಿದರೆ 35.6 ಮೋಲ್, 22.4ರಿಂದ ಗುಣಿಸಿದರೆ ಸುಮಾರು 800 ಲೀಟರು ಅನಿಲ. ಒಂಬತ್ತು ಲೀಟರು ದ್ರವವಿದ್ದರೆ ಒಂದು ದೊಡ್ಡ ಸಿಲಿಂಡರು ಇದ್ದಂತೆ. ‘ಈ ಲೆಕ್ಕ ಯಾಕೆ ಕಲೀಬೇಕು?’ ಎಂದು ಮಕ್ಕಳು ಕೇಳಿದರೆ ಹೆತ್ತವರಿಗೆ ಉತ್ತರ ಇಲ್ಲೇ ಇದೆ.