ಜಲ್ಲಿ ಸುರಿಯುವ ಮುನ್ನ ಬಟ್ಟೆ ಹಾಸಿ



ಹಿಂಗಾರು ಮಳೆ ಹಿಡಿದು ಕೊಯ್ಲಿನ ಕಾಲ ಹತ್ತಿರವಾದೊಡನೆ ನಮಗೆಲ್ಲ ತೋಟದ ದಾರಿಯ ಚಿಂತೆ. ಬಿಳಿಗಿರಿರಂಗನ ಬೆಟ್ಟದ ಕಾಫಿಯವರಿಗೂ ಕೊಳ್ಳೇಗಾಲ, ಹನೂರಿನ ಅಡಿಕೆಯವರಿಗೂ ಇದು ಒಂದೇ. ವರ್ಷಕ್ಕೆ ಒಂದೆರಡು ಲೋಡು ಜಲ್ಲಿ ಸುರಿಯುತ್ತೇವೆ. ಮರುವರ್ಷ ಅದು ಕಾಣುವುದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ದುಡ್ಡು ಹೋಗುತ್ತಿದೆ.

ಜಲ್ಲಿ ಎಲ್ಲಿಗೂ ಹೋಗಿಲ್ಲ, ನೆಲದೊಳಗೇ ಇದೆ. ಟ್ರ್ಯಾಕ್ಟರಿನ ಭಾರಕ್ಕೆ ಕಲ್ಲು ಹಸಿ ಮಣ್ಣಿಗೆ ಇಳಿಯುತ್ತದೆ, ಕೆಸರು ಕಲ್ಲಿನ ಸಂದಿಯಿಂದ ಮೇಲೇರುತ್ತದೆ. ಎರೆಮಣ್ಣಿನಲ್ಲಂತೂ ಇದು ಬಲು ಬೇಗ. ಮಣ್ಣು ಮತ್ತು ಜಲ್ಲಿಯ ನಡುವೆ ಹಾಸುವ ಪ್ಲಾಸ್ಟಿಕ್ ನೂಲಿನ ಬಟ್ಟೆಗೆ ಜಿಯೋಟೆಕ್ಸ್‌ಟೈಲ್ ಎನ್ನುತ್ತಾರೆ. ಅದು ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ. ರಸ್ತೆಗೆ ಇದನ್ನು ಬಳಸುವ ಕ್ರಮವನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2002ರಲ್ಲೇ ಪ್ರಕಟಿಸಿದೆ.

ಗೊಬ್ಬರದ ಚೀಲ ಬಿಚ್ಚಿ ಹಾಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಚೀಲದ ತುಂಡುಗಳು ಭಾರಕ್ಕೆ ಸರಿದು ಸಂದು ಬಿಡುತ್ತವೆ. ಬಿಸಿಲು ಕಂಡ ಚೀಲ ಮೊದಲೇ ಪುಡಿಯಾಗಿರುತ್ತದೆ. ಕೃಷಿ ಹೊಂಡಕ್ಕೆ ಹಾಸುವ ಹಾಳೆಯೂ ದಾರಿಗೆ ಸಲ್ಲದು. ಅದು ನೀರು ಹಿಡಿಯುವ ವಸ್ತು. ದಾರಿಯಡಿ ನೀರು ನಿಂತರೆ ಕೆಡುಕೇ.

ಇಳಿಜಾರಿನ ಬರೆಗೆ ಮಾತ್ರ ನನ್ನ ಮತ ತೆಂಗಿನ ನಾರಿನ ಜಾಲಕ್ಕೆ. ಹುಲ್ಲು ಬೇರೂರುವ ತನಕ ಮಣ್ಣು ಹಿಡಿದು, ಆಮೇಲೆ ಅದೇ ಗೊಬ್ಬರವಾಗುತ್ತದೆ. ಬೆಟ್ಟದ ಕಾಡಂಚಿನಲ್ಲಿ ಪ್ಲಾಸ್ಟಿಕ್ ಉಳಿಯುವುದೂ ತಪ್ಪುತ್ತದೆ. 2020ರಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದಲ್ಲಿ ಏಳು ರಾಜ್ಯಗಳ 1,674 ಕಿಲೋಮೀಟರ್ ರಸ್ತೆಗೆ ನಾರಿನ ಬಟ್ಟೆ ಎಂದು ಕೇಂದ್ರ ಪ್ರಕಟಿಸಿತು. ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳ, ಮಹಾರಾಷ್ಟ್ರ ಆ ಪಟ್ಟಿಯಲ್ಲಿದ್ದವು. ತೆಂಗಿನ ನಾಡಾದ ಕರ್ನಾಟಕ ಇರಲಿಲ್ಲ. ನಾವು ಕೇಳದಿದ್ದರೆ ಯಾರು ಕೊಡುತ್ತಾರೆ?

ಒಂದು ಎಚ್ಚರಿಕೆ. ಯಾವ ಬಟ್ಟೆಯೂ ಚರಂಡಿಯ ಕೆಲಸ ಮಾಡದು. ಮೊದಲು ಚರಂಡಿ, ಆಮೇಲೆ ನೆಲ ಸಮ ಮಾಡಿ ಬಟ್ಟೆ, ಅದರ ಮೇಲೆ ಜಲ್ಲಿ. ಬಟ್ಟೆಯ ಅಂಚು ಒಂದರ ಮೇಲೊಂದು ಚೆನ್ನಾಗಿ ಬರಬೇಕು. ಜಲ್ಲಿ ಹರಡುವ ಮುನ್ನ ಬಟ್ಟೆಯ ಮೇಲೆ ಗಾಡಿ ಓಡಿಸಬಾರದು.

ಈ ಬಟ್ಟೆ ದೊಡ್ಡ ಸುರುಳಿಗಳಲ್ಲಿ ಬರುತ್ತದೆ. ಎರಡೆಕರೆಯವನಿಗೆ ಬೇಕಾಗುವುದು ದಾರಿಯ ಕೆಟ್ಟ ತುಂಡಿಗಷ್ಟೇ. ಗೊಬ್ಬರವನ್ನು ಒಟ್ಟಾಗಿ ತರಿಸುವ ನಾವು ಇದನ್ನೂ ಸಂಘದ ಮೂಲಕ ತರಿಸಿ ಮೀಟರ್ ಲೆಕ್ಕದಲ್ಲಿ ಹಂಚಿಕೊಳ್ಳಬಾರದೇಕೆ? ಪಂಚಾಯಿತಿಯ ರಸ್ತೆ ಅಂದಾಜುಪಟ್ಟಿಯಲ್ಲೂ ಇದನ್ನು ಸೇರಿಸಲು ಕೇಳೋಣ. ಮುಂದಿನ ಸಭೆಯಲ್ಲಿ ಸದಸ್ಯರು ಈ ವಿಷಯ ಎತ್ತಬೇಕೆಂದು ನನ್ನ ವಿನಂತಿ.